ಸಮಾಜ, ರಾಜಕೀಯ ಕುರಿತ ಒಳ್ಳೆಯ ಪುಸ್ತಕ ಹುಡುಕುವುದು ಹೇಗೆ, ಓದುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ, ಕಾದಂಬರಿಯ ಜೊತೆಗೆ ಸಮಾಜ, ರಾಜಕೀಯ, ಚರಿತ್ರೆಯ ಪುಸ್ತಕಗಳನ್ನೂ ಓದಬೇಕೆಂದು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮುಖ್ಯವಾಗಿ ಕನ್ನಡದಲ್ಲೇ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇವೆ.

ಯಾವ ಪುಸ್ತಕದಿಂದ ಶುರು ಮಾಡಲಿ? ಒಂದು ಪಟ್ಟಿ ಕೊಡಿ.

ಪಟ್ಟಿ ಬೇಡ, ಪ್ರಶ್ನೆಯಿಂದ ಶುರು ಮಾಡಿ. "ಓದಲೇಬೇಕಾದ ನೂರು ಪುಸ್ತಕಗಳು" ಎಂಬ ಪಟ್ಟಿ ಹಿಡಿದು ಹೊರಟವರು ಸಾಮಾನ್ಯವಾಗಿ ಮೂರನೆಯ ಪುಸ್ತಕದ ಹೊತ್ತಿಗೆ ಸುಸ್ತಾಗುತ್ತಾರೆ. ಆ ಪುಸ್ತಕಗಳು ಬೇರೆ ಯಾರದೋ ಪ್ರಶ್ನೆಗೆ ಉತ್ತರವಾಗಿರುತ್ತವೆ, ನಿಮ್ಮದಕ್ಕಲ್ಲ.

ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಒಂದು ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. "ಜಾತಿ ಎಂದರೇನು?" ಎಂಬುದು ತೀರಾ ದೊಡ್ಡದು, ಹಿಡಿತಕ್ಕೆ ಸಿಗುವುದಿಲ್ಲ. "ನಮ್ಮ ತಾಲ್ಲೂಕು ಪಕ್ಕದ ತಾಲ್ಲೂಕಿಗಿಂತ ಯಾಕೆ ಹಿಂದೆ ಬಿದ್ದಿದೆ?", "ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಹೇಗೆ ಬಂತು?", "ಮೀಸಲಾತಿ ನಮ್ಮಲ್ಲಿ ಯಾವಾಗ ಶುರುವಾಯಿತು?" ಇಂಥವು ಹಿಡಿತಕ್ಕೆ ಸಿಗುತ್ತವೆ.

ಕೊನೆಯ ಪ್ರಶ್ನೆಯನ್ನೇ ನೋಡಿ. ಮೀಸಲಾತಿ ಸ್ವಾತಂತ್ರ್ಯ ಬಂದ ಮೇಲೆ, ಸಂವಿಧಾನದ ಜೊತೆಗೇ ಬಂತೆಂದು ಬಹಳ ಮಂದಿ ನಂಬಿದ್ದಾರೆ. ಹುಡುಕಲು ಹೊರಟರೆ ಮೊದಲು ಸಿಗುವುದು 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಎಂಬ ವಾದ ಮೈಸೂರಿನಲ್ಲಿ ಸಂವಿಧಾನಕ್ಕಿಂತ ಮೂವತ್ತು ವರ್ಷ ಮೊದಲೇ ನಡೆದಿತ್ತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ವಿಚಾರದಲ್ಲಿ ಭಿನ್ನಾಭಿಪ್ರಾಯವಿತ್ತು ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಅಲ್ಲಿಂದ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ, ಹಿಂದುಳಿದ ವರ್ಗಗಳ ಕುರಿತ ಹಾವನೂರ ಆಯೋಗಕ್ಕೆ ಬರುತ್ತೀರಿ: ನೇಮಕ 1972, ವರದಿ 1975. ಒಂದು ಪ್ರಶ್ನೆ ಹಿಡಿದು ಹೋದದ್ದಕ್ಕೆ ಓದಬೇಕಾದ ಹೆಸರುಗಳು ತಾವೇ ಸಾಲಾಗಿ ಬಂದವು. ನಿಮಗೆ ಬೇಕಾದ ಪಟ್ಟಿ ಅದೇ.

ಈ ಪುಸ್ತಕ ನನ್ನ ದೃಷ್ಟಿಯನ್ನು ಬದಲಿಸುತ್ತದೆ ಎಂದು ಓದುವ ಮೊದಲೇ ತಿಳಿಯಬಹುದೇ?

ಪೂರ್ತಿ ತಿಳಿಯದು. ಆದರೆ ಬೆನ್ನುಡಿಯಲ್ಲಿ "ನಿಮ್ಮ ಕಣ್ಣು ತೆರೆಸುವ ಕೃತಿ" ಎಂದು ಬರೆದಿರುವುದು ಅದರ ಗುರುತಲ್ಲ. ಲೇಖಕರು ತಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು ಎಂದು ಹೇಳುತ್ತಾರೆಯೇ ಎಂಬುದನ್ನು ನೋಡಿ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಬರಹಗಳಲ್ಲಿ ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಹಾಳಾದವು. ಆಮೇಲೆ ಅವರು ನೆನಪಿನ ಮೇಲೆ ಬರೆದದ್ದೇ 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್'. ಇದು ನೆನಪಿನಿಂದ ಬರೆದದ್ದು ಎಂಬುದು ಹೆಸರಿನಲ್ಲೇ ಇದೆ, ಹೇಗಾಯಿತೆಂಬುದನ್ನು ಅವರೇ ಹೇಳುತ್ತಾರೆ. ಹಾಗಾಗಿ ಎಷ್ಟು ನಂಬಬೇಕು, ಎಲ್ಲಿ ಅನುಮಾನಿಸಬೇಕು ಎಂಬ ಅಳತೆಗೋಲು ಓದುಗರ ಕೈಯಲ್ಲೇ ಇರುತ್ತದೆ. ಇಂದು ಟಿ.ವಿ. ಚರ್ಚೆಗಳಲ್ಲಿ ಎಲ್ಲರೂ ಬಳಸುವ 'ವೋಟ್ ಬ್ಯಾಂಕ್' ಎಂಬ ಮಾತನ್ನು ಚಲಾವಣೆಗೆ ತಂದವರು ಇದೇ ಶ್ರೀನಿವಾಸ್. ಅವರು ಅದನ್ನು ಹಳ್ಳಿಯ ಯಜಮಾನನ ಹಿಂದೆ ಹೋಗುವ ಮತಗಳ ಬಗ್ಗೆ ಹೇಳಿದ್ದು. ದಿನಬೆಳಗಾದರೆ ಕೇಳುವ ಒಂದು ಮಾತಿನ ಮೂಲ ತಿಳಿದಾಗ ಆ ಮಾತು ಮೊದಲಿನಂತೆ ಕೇಳಿಸುವುದಿಲ್ಲ. ದೃಷ್ಟಿ ಬದಲಾಗುವುದು ಹೆಚ್ಚಾಗಿ ಹೀಗೇ, ಸಣ್ಣ ಸಣ್ಣ ಜಾಗಗಳಲ್ಲಿ.

ಅಂಗಡಿಯಲ್ಲಿ ನಿಂತು ಪುಸ್ತಕ ಪರೀಕ್ಷಿಸುವುದು ಹೇಗೆ?

ಹತ್ತು ನಿಮಿಷ ಸಾಕು. ಮುಖಪುಟ ಬಿಟ್ಟು ಒಳಗಿನ ಮುದ್ರಣ ವಿವರದ ಪುಟಕ್ಕೆ ಹೋಗಿ. ಕನ್ನಡ ಪುಸ್ತಕಗಳಲ್ಲಿ ಈ ಪುಟ ಬಹಳ ವಿಷಯ ಹೇಳುತ್ತದೆ: ಮೊದಲ ಮುದ್ರಣದ ವರ್ಷ, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಹಕ್ಕು ಯಾರದು, ಕೆಲವೊಮ್ಮೆ ಕಾಗದದ ತೂಕ ಮತ್ತು 'ಡೆಮಿ 1/8' ಎಂಬ ಪುಟದ ಅಳತೆಯೂ ಇರುತ್ತದೆ. ನಮಗೆ ಮುಖ್ಯವಾದದ್ದು ಮೊದಲ ಮುದ್ರಣದ ವರ್ಷ. 2023ರಲ್ಲಿ ಮರುಮುದ್ರಣವಾದ ಪುಸ್ತಕದೊಳಗಿನ ಅಂಕಿಅಂಶ 1985ರದ್ದಾಗಿರಬಹುದು. ಅದನ್ನು ಗಮನಿಸದೆ ಇವತ್ತಿನ ಸ್ಥಿತಿ ಎಂದು ತಿಳಿದು ವಾದಕ್ಕಿಳಿಯುವುದು ಹೊಸ ಓದುಗರಲ್ಲಿ ನಾವು ಕಾಣುವ ಅತಿ ಸಾಮಾನ್ಯ ತಪ್ಪು.

ಆಮೇಲೆ ಪುಸ್ತಕದ ಹಿಂಭಾಗ. ಅಡಿಟಿಪ್ಪಣಿ, ಗ್ರಂಥಋಣ (ನೆರವಾದ ಪುಸ್ತಕಗಳ ಪಟ್ಟಿ), ಪದಸೂಚಿ (ಯಾವ ಹೆಸರು, ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ) ಇವೆಯೇ? ಪದಸೂಚಿ ಇದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹೆಸರು ಹುಡುಕಿ, ಆ ಪುಟ ಓದಿ. ನಿಮ್ಮ ಊರು, ನಿಮ್ಮ ಕಸುಬು, ನಿಮ್ಮ ಸಮುದಾಯ ಯಾವುದಾದರೂ ಸರಿ. ಗೊತ್ತಿರುವ ವಿಷಯದಲ್ಲೇ ಲೇಖಕರು ಎಡವಿದ್ದರೆ ಗೊತ್ತಿಲ್ಲದ ವಿಷಯದಲ್ಲಿ ಅವರನ್ನು ನಂಬುವುದು ಕಷ್ಟ. ಕನ್ನಡದ ವೈಚಾರಿಕ ಪುಸ್ತಕಗಳಲ್ಲಿ ಪದಸೂಚಿ ಇರುವುದು ಕಡಿಮೆ, ಇದು ನಮ್ಮ ಪ್ರಕಾಶನದ ದೊಡ್ಡ ಕೊರತೆ. ಇಲ್ಲದಿದ್ದರೆ ಪರಿವಿಡಿ ನೋಡಿ ನಡುವಿನ ಒಂದು ಅಧ್ಯಾಯದ ಎರಡು ಪುಟ ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ, ನಿಜವಾದ ಬರವಣಿಗೆ ಕಾಣುವುದು ನಡುವೆ.

ಅನುವಾದ ಓದಿದರೆ ಮೂಲ ಓದಿದಂತೆಯೇ?

ಯಾವ ಬಗೆಯ ಅನುವಾದ ಎಂಬುದರ ಮೇಲೆ ನಿಂತಿದೆ. ಶೀರ್ಷಿಕೆ ಪುಟದಲ್ಲಿ 'ಅನುವಾದ' ಎಂದಿದ್ದರೆ ಪೂರ್ತಿ ಪಠ್ಯವನ್ನು ನಿರೀಕ್ಷಿಸಬಹುದು. 'ಸಂಗ್ರಹಾನುವಾದ' ಎಂದರೆ ಮೊಟಕುಗೊಳಿಸಿದ್ದು. 'ಭಾವಾನುವಾದ' ಎಂದರೆ ಅನುವಾದಕರು ಸ್ವಾತಂತ್ರ್ಯ ವಹಿಸಿದ್ದಾರೆ. ಕಾದಂಬರಿಯಲ್ಲಿ ಅದು ನಡೆದೀತು, ವಾದ ಮಂಡಿಸುವ ಪುಸ್ತಕದಲ್ಲಿ ಒಂದು 'ಆದರೆ' ಬಿಟ್ಟುಹೋದರೂ ಅರ್ಥ ತಿರುಗಿಬಿಡುತ್ತದೆ. ಅಧ್ಯಾಯಗಳ ಸಂಖ್ಯೆಯನ್ನು ಮೂಲದ ಜೊತೆ ಹೋಲಿಸುವುದು ಸುಲಭದ ಪರೀಕ್ಷೆ.

ಯಾವ ಭಾಷೆಯಿಂದ ಅನುವಾದ ಎಂಬುದನ್ನೂ ನೋಡಿ. ಗಾಂಧಿಯವರ 'ಹಿಂದ್ ಸ್ವರಾಜ್' ಅನ್ನು ಇಂಗ್ಲಿಷ್ ಪುಸ್ತಕವೆಂದು ತಿಳಿದವರಿದ್ದಾರೆ. 1909ರ ನವೆಂಬರ್‌ನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ 'ಕಿಲ್ಡೊನನ್ ಕ್ಯಾಸಲ್' ಹಡಗಿನಲ್ಲಿ, ಹಡಗಿನದೇ ಕಾಗದದ ಮೇಲೆ, ಹತ್ತು ದಿನದಲ್ಲಿ ಗುಜರಾತಿಯಲ್ಲಿ ಬರೆದದ್ದು ಅದು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. 275 ಪುಟಗಳ ಹಸ್ತಪ್ರತಿಯಲ್ಲಿ ಸುಮಾರು ನಲವತ್ತು ಎಡಗೈಯವು. 1910ರಲ್ಲಿ ಅವರೇ ಇಂಗ್ಲಿಷಿಗೆ ತಂದರು. ಕನ್ನಡದ ಪ್ರತಿ ಗುಜರಾತಿಯಿಂದ ಬಂದದ್ದೋ ಇಂಗ್ಲಿಷಿನಿಂದ ಬಂದದ್ದೋ ಎಂಬುದು ಅನುವಾದಕರ ಅರಿಕೆಯಲ್ಲಿ ಇರಬೇಕು. ಆ ಅರಿಕೆಯನ್ನು ಹಾರಿಸಬೇಡಿ.

ಒಂದೇ ಕಡೆ ವಾಲದಂತೆ ಓದುವುದು ಹೇಗೆ?

ಜೋಡಿ ಜೋಡಿಯಾಗಿ ಓದಿ. ಎಡ, ಬಲ ಎಂದು ಸಮಪಾಲು ಹಂಚಿಕೊಂಡು ಓದುವುದಲ್ಲ. ಒಬ್ಬರಿಗೊಬ್ಬರು ನೇರವಾಗಿ ಉತ್ತರ ಕೊಟ್ಟಿರುವ ಪುಸ್ತಕಗಳನ್ನು ಒಟ್ಟಿಗೆ ಹಿಡಿಯುವುದು.

ಇದಕ್ಕೆ ಅಂಬೇಡ್ಕರ್ ಅವರ 'ಜಾತಿ ವಿನಾಶ'ಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಎಂಬ ಸುಧಾರಕರ ಸಂಘ 1936ರ ತನ್ನ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆಯಿತು. ಭಾಷಣ ಮೊದಲೇ ಓದಿದ ಸಂಘಟಕರಿಗೆ ವೇದ, ಶಾಸ್ತ್ರಗಳ ಬಗ್ಗೆ ಬರೆದ ಭಾಗ ಒಗ್ಗಲಿಲ್ಲ, ತಿದ್ದಲು ಕೇಳಿದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು ಅಂಬೇಡ್ಕರ್. ಸಮ್ಮೇಳನವೇ ರದ್ದಾಯಿತು. ಮಾಡದ ಭಾಷಣವನ್ನು ಅವರು ತಾವೇ ಅಚ್ಚು ಹಾಕಿಸಿದರು. 1,500 ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು. ಗಾಂಧಿ 'ಹರಿಜನ' ಪತ್ರಿಕೆಯಲ್ಲಿ ಅದಕ್ಕೆ ಪ್ರತಿಕ್ರಿಯೆ ಬರೆದರು. 1937ರ ಎರಡನೆಯ ಆವೃತ್ತಿಯಲ್ಲಿ ಅಂಬೇಡ್ಕರ್ ಗಾಂಧಿಯವರ ಟೀಕೆಯನ್ನೂ ಸೇರಿಸಿ, ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು.

ಹಾಗಾಗಿ ಕೊಳ್ಳುವಾಗ ಪರಿವಿಡಿಯ ಕೊನೆ ನೋಡಿ. ಗಾಂಧಿಯವರ ಬರಹ, ಅದಕ್ಕೆ ಅಂಬೇಡ್ಕರ್ ಉತ್ತರ ಎರಡೂ ಇರುವ ಪ್ರತಿಯನ್ನೇ ತೆಗೆದುಕೊಳ್ಳಿ. ಓದುವ ಕ್ರಮವೂ ಮುಖ್ಯ: ಮೊದಲು ಭಾಷಣ, ಆಮೇಲೆ ಗಾಂಧಿ, ಅಲ್ಲಿ ಒಂದು ದಿನ ನಿಲ್ಲಿಸಿ. ಗಾಂಧಿಯವರ ಆಕ್ಷೇಪಕ್ಕೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ನಾಲ್ಕು ಸಾಲು ಬರೆಯಿರಿ. ಆಮೇಲಷ್ಟೇ ಅಂಬೇಡ್ಕರ್ ಉತ್ತರ ತೆರೆಯಿರಿ. ಈ ನಾಲ್ಕು ಸಾಲು ಬರೆದವರು ಆ ಪುಸ್ತಕವನ್ನು ಮರೆಯುವುದಿಲ್ಲ.

ಇನ್ನೊಂದು ಸರಣಿ: 'ಹಿಂದ್ ಸ್ವರಾಜ್', 1923ರ ಸಾವರ್ಕರ್ ಅವರ 'ಹಿಂದುತ್ವ', ಇವೆರಡನ್ನೂ ಎದುರುಬದುರು ಇಟ್ಟು ಯು.ಆರ್. ಅನಂತಮೂರ್ತಿ ಬರೆದ, 2014ರಲ್ಲಿ ಬಂದ 'ಹಿಂದುತ್ವ ಅಥವಾ ಹಿಂದ್ ಸ್ವರಾಜ್'. ಮೂರನೆಯದನ್ನು ಮೊದಲು ಓದಿದರೆ ಮೊದಲ ಎರಡನ್ನು ಅನಂತಮೂರ್ತಿಯವರ ಕಣ್ಣಿನಿಂದ ನೋಡಿದಂತಾಗುತ್ತದೆ. ಬರೆದ ಕಾಲದ ಕ್ರಮದಲ್ಲೇ ಓದಿ.

ಸರ್ಕಾರಿ ವರದಿಗಳನ್ನೂ ಪುಸ್ತಕದಂತೆ ಓದಬಹುದೇ?

ಓದಲೇಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಿಂದ ಶುರು ಮಾಡಿ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ಈ ವರದಿ ಕರ್ನಾಟಕದಲ್ಲಿ ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕು ಹಿಂದುಳಿದಿವೆ ಎಂದಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಮೊದಲ ಪುಟದಿಂದ ಓದಲು ಕೂರಬೇಡಿ, ನಿದ್ದೆ ಬರುತ್ತದೆ. ಕೋಷ್ಟಕದಲ್ಲಿ ನಿಮ್ಮ ತಾಲ್ಲೂಕು ಹುಡುಕಿ. ಪಕ್ಕದ ತಾಲ್ಲೂಕನ್ನೂ ಗುರುತು ಮಾಡಿ. ಯಾವ ಸೂಚಕದಲ್ಲಿ ನಿಮ್ಮದು ಹಿಂದೆ ಬಿದ್ದಿದೆ ನೋಡಿ: ನೀರಾವರಿಯೋ, ಸಾಕ್ಷರತೆಯೋ, ಬ್ಯಾಂಕೋ, ಆಸ್ಪತ್ರೆಯೋ? ಆಮೇಲೆ ಆ ಸೂಚಕವನ್ನು ಹೇಗೆ ಲೆಕ್ಕ ಹಾಕಿದರು ಎಂಬ ಅಧ್ಯಾಯಕ್ಕೆ ಹೋಗಿ. ಈಗ ಆ ಒಣ ಅಧ್ಯಾಯ ನಿಮ್ಮೂರಿನ ಕಥೆಯಾಗಿರುತ್ತದೆ. ತಾಲ್ಲೂಕುಗಳ ಸಂಖ್ಯೆ ಆಮೇಲೆ ಹೆಚ್ಚಾಗಿದೆ. ಹೊಸ ತಾಲ್ಲೂಕಿನವರು ಮೂಲ ತಾಲ್ಲೂಕಿನ ಹೆಸರಲ್ಲಿ ಹುಡುಕಬೇಕು.

ಬರದ ಬಗ್ಗೆ, ಬಡತನದ ಬಗ್ಗೆ ಅಂಕಿಅಂಶದ ಹಿಂದಿನ ಮುಖಗಳು ಬೇಕೆಂದರೆ ಇದರ ಜೊತೆಗೆ ಪತ್ರಕರ್ತ ಪಿ. ಸಾಯಿನಾಥ್ ಅವರ ವರದಿಗಳ ಕನ್ನಡ ರೂಪ, ಜಿ.ಎನ್. ಮೋಹನ್ ತಂದಿರುವ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಇಟ್ಟುಕೊಳ್ಳಿ.

ಆತ್ಮಕಥೆಗಳನ್ನು ಈ ಸಾಲಿಗೆ ಸೇರಿಸಬಹುದೇ?

ಖಂಡಿತ. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿ ಸಮಾಜಶಾಸ್ತ್ರಕ್ಕೆ ಬಂದವರು ಬಹಳ ಮಂದಿ. ಒಂದೇ ಎಚ್ಚರಿಕೆ: ಒಬ್ಬರ ಬದುಕನ್ನು ಇಡೀ ಸಮುದಾಯದ ಸರಾಸರಿ ಎಂದು ತಿಳಿಯಬೇಡಿ.

ಗ್ರಂಥಾಲಯದಲ್ಲಿ ಇಂಥ ಪುಸ್ತಕ ಎಲ್ಲಿರುತ್ತವೆ?

ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಕ್ರಮ ಅನುಸರಿಸುವ ಗ್ರಂಥಾಲಯದಲ್ಲಿ ಬೆನ್ನಿನ ಮೇಲಿನ ಸಂಖ್ಯೆ ನೋಡಿ: 301 ಸಮಾಜಶಾಸ್ತ್ರ, 305 ಸಾಮಾಜಿಕ ಗುಂಪುಗಳು (ಜಾತಿ, ಲಿಂಗ, ವರ್ಗ ಇಲ್ಲೇ), 320 ರಾಜಕೀಯ, 330 ಅರ್ಥಶಾಸ್ತ್ರ, 954 ಭಾರತದ ಚರಿತ್ರೆ. ಬೇಕಾದ ಒಂದು ಪುಸ್ತಕ ಸಿಕ್ಕರೆ ಅದರ ಎಡಬಲದ ಹತ್ತು ಪುಸ್ತಕಗಳನ್ನೂ ತೆಗೆದು ನೋಡಿ. ಹೊಸ ಪುಸ್ತಕ ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಬಂದಿಲ್ಲ.

ಸಣ್ಣ ಶಾಖೆಗಳಲ್ಲಿ ಈ ಕ್ರಮ ಕೆಟ್ಟಿರುತ್ತದೆ. ಆಗ ಗ್ರಂಥಪಾಲಕರನ್ನು "ರಾಜಕೀಯದ ಪುಸ್ತಕ ಇದೆಯಾ ಸರ್" ಎಂದು ಕೇಳಿದರೆ ಪರೀಕ್ಷೆಯ ಗೈಡ್ ಸಿಗುವ ಸಂಭವವೇ ಹೆಚ್ಚು. ಲೇಖಕರ ಹೆಸರು, ಪ್ರಕಾಶಕರ ಹೆಸರು ಚೀಟಿಯಲ್ಲಿ ಬರೆದು ಕೊಡಿ. ಇಲ್ಲದ ಪುಸ್ತಕವನ್ನು ತರಿಸಿ ಎಂದು ಲಿಖಿತವಾಗಿ ಕೇಳಲು ಹಿಂಜರಿಯಬೇಡಿ. ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯಡಿ ಗ್ರಂಥಾಲಯಗಳು ನಡೆಯುವುದು ಆ ಹಣದಿಂದ. ಬೆಂಗಳೂರಿನವರಾದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಕೇಳಿದ ಪುಸ್ತಕ ಎಲ್ಲೂ ಸಿಗುತ್ತಿಲ್ಲ. ಏನು ಮಾಡಲಿ?

ಕನ್ನಡದ ವೈಚಾರಿಕ ಪುಸ್ತಕಗಳು ಹೆಚ್ಚಾಗಿ ಐನೂರು, ಸಾವಿರ ಪ್ರತಿ ಅಚ್ಚಾಗುತ್ತವೆ. ಮುಗಿದರೆ ಮುಗಿಯಿತು. ಮೊದಲು ಪ್ರಕಾಶಕರಿಗೇ ಫೋನ್ ಮಾಡಿ, ಗೋದಾಮಿನ ಮೂಲೆಯಲ್ಲಿ ನಾಲ್ಕೈದು ಪ್ರತಿ ಉಳಿದಿರುವುದುಂಟು. ಮೈಸೂರು ವಿಶ್ವವಿದ್ಯಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗಗಳ (ಪ್ರಕಾಶನ ವಿಭಾಗಗಳ) ಪುಸ್ತಕಗಳು ಹೊರಗಿನ ಅಂಗಡಿಗಿಂತ ಅವರ ಮಳಿಗೆಯಲ್ಲೇ ಸುಲಭವಾಗಿ ಸಿಗುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಪುಸ್ತಕಗಳಿಗೂ ಇದೇ ದಾರಿ.

ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆ ಪುಸ್ತಕ ಕೊಳ್ಳುವಾಗ ಪುಟಸಂಖ್ಯೆ ತಿರುವಿ ನೋಡಿ. ಪುಸ್ತಕ ಸಾಮಾನ್ಯವಾಗಿ ಹದಿನಾರು ಪುಟಗಳ ಕಂತೆಗಳ, ಅಂದರೆ ಫಾರಂ ಲೆಕ್ಕದಲ್ಲಿ ಹೊಲಿದಿರುತ್ತದೆ. ಬೈಂಡಿಂಗ್‌ನಲ್ಲಿ ಎಡವಟ್ಟಾದರೆ ಒಂದು ಫಾರಂ ಪೂರ್ತಿ ಬಿಟ್ಟುಹೋಗಿರುತ್ತದೆ ಅಥವಾ ಎರಡು ಸಲ ಬಂದಿರುತ್ತದೆ. 64ರ ಮುಂದೆ 81 ಬಂದರೆ ವಾಪಸ್ ಇಡಿ.

ಹೊರರಾಜ್ಯ, ಹೊರದೇಶದಲ್ಲಿರುವವರಿಗೆ ಮೈಲ್ಯಾಂಗ್, ಋತುಮಾನ ಆ್ಯಪ್‌ಗಳಲ್ಲಿ ಕನ್ನಡ ಇ-ಪುಸ್ತಕಗಳಿವೆ.

ಇಂಟರ್ನೆಟ್‌ನಲ್ಲಿ ಸಿಗುವ ಪಿಡಿಎಫ್ ಓದಬಹುದೇ?

ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಗಾಂಧಿ ತೀರಿಕೊಂಡದ್ದು 1948, ಅಂಬೇಡ್ಕರ್ 1956, ಆಲೂರು ವೆಂಕಟರಾಯರು 1964. ಇವರು ಬದುಕಿದ್ದಾಗಲೇ ಪ್ರಕಟವಾದ ಮೂಲ ಬರಹಗಳನ್ನು ನಿಶ್ಚಿಂತೆಯಿಂದ ಇಳಿಸಿಕೊಂಡು ಓದಿ. ಆಲೂರರ 1917ರ 'ಕರ್ನಾಟಕ ಗತವೈಭವ' ಹಾಗೆ ಓದಬಹುದಾದ ಪುಸ್ತಕ. ಆದರೆ ಅನುವಾದಕ್ಕೆ ಅದರದೇ ಹಕ್ಕು ಇದೆ. ಮೂಲ ಮುಕ್ತವಾಗಿದ್ದರೂ ಅನುವಾದಕರ ಹಕ್ಕು ಮುಗಿದಿರಬೇಕೆಂದಿಲ್ಲ. ಬದುಕಿರುವ ಲೇಖಕರ ಪುಸ್ತಕದ ಕದ್ದ ಪಿಡಿಎಫ್ ಹಂಚಿದರೆ ಐನೂರು ಪ್ರತಿ ಅಚ್ಚು ಹಾಕುವ ಪ್ರಕಾಶಕರಿಗೆ ಅದರ ಪೆಟ್ಟು ನೇರವಾಗಿ ಬೀಳುತ್ತದೆ.

ದಪ್ಪ ಪುಸ್ತಕ ಅರ್ಧಕ್ಕೇ ನಿಂತುಹೋಗುತ್ತದೆ.

ಕಾದಂಬರಿಯಂತೆ ಓದಲು ಹೋದರೆ ನಿಲ್ಲುತ್ತದೆ. ಮೊದಲು ಪೀಠಿಕೆ, ಕೊನೆಯ ಅಧ್ಯಾಯ ಓದಿ. ಲೇಖಕರು ಎಲ್ಲಿಗೆ ಹೊರಟಿದ್ದಾರೆ ಎಂಬುದು ತಿಳಿದಿರಲಿ. ಆಮೇಲೆ ದಿನಕ್ಕೆ ಹದಿನೈದು ಪುಟ. ಮುನ್ನೂರು ಪುಟದ ಪುಸ್ತಕ ಇಪ್ಪತ್ತು ದಿನದಲ್ಲಿ ಮುಗಿಯುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಪೆನ್ಸಿಲಿನಲ್ಲಿ ಎರಡು ಸಾಲು: ಇಲ್ಲಿ ಏನು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು. ಎರಡನೆಯ ಸಾಲು ಬರೆಯಲಾಗದಿದ್ದರೆ ಆ ಅಧ್ಯಾಯ ನಿಮಗೆ ಅರ್ಥವಾಗಿಲ್ಲ, ಇಲ್ಲವೇ ಅದರಲ್ಲಿ ಆಧಾರವೇ ಇಲ್ಲ. ಯಾವುದು ಎಂದು ತಿಳಿಯಲು ಮತ್ತೊಮ್ಮೆ ಓದಿ. ಐವತ್ತು ಪುಟದ ಮೇಲೂ ಹಿಡಿತ ಸಿಗದಿದ್ದರೆ ಬಿಡಿ, ಎರಡು ವರ್ಷ ಬಿಟ್ಟು ಬನ್ನಿ.

ಸಾರಾಂಶದ ವಿಡಿಯೊ ನೋಡಿದರೆ ಸಾಲದೇ?

ಓದಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಕು. ಸಾರಾಂಶದಲ್ಲಿ ತೀರ್ಮಾನ ಮಾತ್ರ ಬರುತ್ತದೆ. ನಿಮ್ಮನ್ನು ಬದಲಿಸುವುದು ಆ ತೀರ್ಮಾನಕ್ಕೆ ಬಂದ ದಾರಿ.

ವಾಟ್ಸಾಪ್‌ನಲ್ಲಿ ಬರುವ ಮಹನೀಯರ ಹೇಳಿಕೆ ನಿಜವೇ ಎಂದು ತಿಳಿಯುವುದು ಹೇಗೆ?

ಭಾಷಣದ ದಿನಾಂಕ, ಪುಸ್ತಕದ ಹೆಸರು ಇಲ್ಲದ ಹೇಳಿಕೆಯನ್ನು ಮುಂದೆ ಕಳಿಸಬೇಡಿ. ದಿನಾಂಕವಿದ್ದರೆ ಮೂಲಕ್ಕೆ ಹೋಗಿ. ಅಂಬೇಡ್ಕರ್ ಬರಹ, ಭಾಷಣಗಳು ಕನ್ನಡದಲ್ಲಿ ಸಂಪುಟಗಳಾಗಿ ಬಂದಿವೆ. ಸಂವಿಧಾನ ಸಭೆಯ ಚರ್ಚೆ ದಿನವಾರು ದಾಖಲಾಗಿದೆ. ಅವರು 1949ರ ನವೆಂಬರ್ 25ರಂದು ಮಾಡಿದ ಭಾಷಣದ ತುಣುಕುಗಳು ಬಹಳ ಓಡಾಡುತ್ತವೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂಬ ಎಚ್ಚರಿಕೆ ಅದರಲ್ಲಿ ನಿಜಕ್ಕೂ ಇದೆ. ಸ್ವತಂತ್ರ ಭಾರತದಲ್ಲಿ ಸತ್ಯಾಗ್ರಹ, ಅಸಹಕಾರವನ್ನೂ ಬಿಡಬೇಕು ಎಂಬ ಮಾತೂ ಅದೇ ಭಾಷಣದಲ್ಲಿದೆ, ಅದನ್ನು ಯಾರೂ ಕಳಿಸುವುದಿಲ್ಲ. ಪೂರ್ತಿ ಓದಿ.

ಓದಿದ್ದನ್ನು ಮನೆಯಲ್ಲಿ ಹೇಳಿದರೆ ಜಗಳವಾಗುತ್ತದೆ.

ಒಂದು ಪುಸ್ತಕ ಓದಿದ ವಾರದಲ್ಲೇ ಅಪ್ಪನನ್ನೋ ಮಾವನನ್ನೋ ತಿದ್ದಲು ಹೋದರೆ ಹಾಗೇ ಆಗುತ್ತದೆ. ಹೇಳುವ ಬದಲು ಕೇಳಿ. ಭೂಸುಧಾರಣೆಯ ಬಗ್ಗೆ ಓದುತ್ತಿದ್ದೀರಿ ಎನ್ನೋಣ. ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1, 'ಉಳುವವನೇ ಹೊಲದೊಡೆಯ' ಎಂಬುದು ಆಗಿನ ಮಾತು, ಗೇಣಿದಾರರು ಅರ್ಜಿ ಹಾಕಬೇಕಿದ್ದದ್ದು ಫಾರಂ ನಂಬರ್ 7ರಲ್ಲಿ. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. "ಅಜ್ಜ, ನಮ್ಮ ಮನೆಯಲ್ಲಿ ಏಳನೇ ನಂಬರ್ ಫಾರಂ ಹಾಕಿದ್ರಾ? ಯಾರು ಬರೆದುಕೊಟ್ರು? ಒಡೆಯರು ಏನಂದ್ರು?" ಎಂದು ಕೇಳಿ ನೋಡಿ. ಜಮೀನು ಪಡೆದ ಮನೆಯಾದರೂ ಕಳೆದುಕೊಂಡ ಮನೆಯಾದರೂ ಮಾತು ಬರುತ್ತದೆ. ಅರ್ಜಿ ಹಾಕಲು ಹೆದರಿ ಸುಮ್ಮನಾದವರ ಹೆಸರೂ ಬರಬಹುದು, ಅದು ಯಾವ ವರದಿಯಲ್ಲೂ ಇಲ್ಲ. ಹೇಳಿದವರ ಹೆಸರು, ದಿನಾಂಕ ಹಾಕಿ ಅದೇ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಬರೆದಿಡಿ.